ಟ್ಯಾಬ್ಲೆಟ್ ಬೂಟ್‌ಲೋಡರ್ ಅನ್‌ಲಾಕ್ ಮಾಡುವುದು ಹೇಗೆ, ಅದರಿಂದ ವಾರಂಟಿಗೆ ಏನಾಗುತ್ತದೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಟ್ಯಾಬ್ಲೆಟ್‌ನ ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಅನ್‌ಲಾಕ್ ಮಾಡಲು ಹೊರಟು ನಡುವೆ ಸಿಕ್ಕಿಕೊಂಡವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ತೆರನಾಗಿರುತ್ತವೆ. ಕಂಪ್ಯೂಟರಿಗೆ ಟ್ಯಾಬ್ಲೆಟ್ ಕಾಣುತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿರುವ ಸ್ವಿಚ್ ಮಸುಕಾಗಿದೆ. ಅನ್‌ಲಾಕ್ ಆಯಿತು, ಆದರೆ ಫೋಟೊಗಳೆಲ್ಲ ಹೋದವು. ವಾರಂಟಿ ಉಳಿಸಿಕೊಳ್ಳೋಣವೆಂದು ಮರಳಿ ಲಾಕ್ ಮಾಡಿದೆ, ಈಗ ಟ್ಯಾಬ್ಲೆಟ್ ಆನ್ ಆಗುತ್ತಲೇ ಇಲ್ಲ. ಈ ನಾಲ್ಕರಲ್ಲಿ ಕೊನೆಯದೇ ಅತಿ ದುಬಾರಿ ತಪ್ಪು. ಲಾಕ್ ಮರಳಿದರೆ ವಾರಂಟಿಯೂ ಮರಳುತ್ತದೆ ಎಂಬ ನಂಬಿಕೆಯೇ ಅದರ ಮೂಲ. ಆದ್ದರಿಂದ ಇಲ್ಲಿ ವಾರಂಟಿಯ ವಿಚಾರವನ್ನು ಕೊನೆಯ ಪ್ಯಾರಾಕ್ಕೆ ತಳ್ಳದೆ, ಕೇಬಲ್ ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನಿಸಬೇಕಾದ ಹಂತವಾಗಿ ಇಟ್ಟಿದ್ದೇನೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಆಜ್ಞೆಗಳನ್ನು ಓದಲು ಸುಲಭವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಒಂದೇ ಸ್ಪೇಸ್ ಬಿಟ್ಟು ಟೈಪ್ ಮಾಡಬೇಕು.

## ಮೊದಲು: ನಿಮಗೆ ಬೇಕಿರುವುದು ಯಾವ ಅನ್‌ಲಾಕ್?

‘ಅನ್‌ಲಾಕ್’ ಎಂಬ ಒಂದೇ ಪದವನ್ನು ನಾಲ್ಕು ಬೇರೆ ಬೇರೆ ಕೆಲಸಗಳಿಗೆ ಬಳಸುತ್ತಾರೆ. ಮರೆತುಹೋದ ಪಿನ್ ಅಥವಾ ಪ್ಯಾಟರ್ನ್ ತೆರೆಯುವುದು ಒಂದು. ಫ್ಯಾಕ್ಟರಿ ರೀಸೆಟ್ ಆದ ಮೇಲೆ ಹಳೆಯ ಗೂಗಲ್ ಖಾತೆಯನ್ನು ಕೇಳುವ ರಕ್ಷಣೆಯನ್ನು ದಾಟುವುದು ಎರಡನೆಯದು; ಇದು ಆಂಡ್ರಾಯ್ಡ್ 5.1ರಿಂದ ಇದೆ, ಖಾತೆಯ ಪಾಸ್‌ವರ್ಡ್ ಗೊತ್ತಿದ್ದರೆ ಅನ್‌ಲಾಕ್‌ನ ಅಗತ್ಯವೇ ಇಲ್ಲ. ಸಿಮ್ ಹಾಕುವ ಟ್ಯಾಬ್ಲೆಟ್ ಒಂದೇ ಮೊಬೈಲ್ ಕಂಪನಿಗೆ ಕಟ್ಟುಬಿದ್ದಿದ್ದರೆ ಅದನ್ನು ಬಿಡಿಸುವುದು ಮೂರನೆಯದು. ಅದನ್ನು ಆ ಮೊಬೈಲ್ ಕಂಪನಿಯಿಂದಲೇ ಕೋಡ್ ಪಡೆದು ಮಾಡಿಸಿಕೊಂಡರೆ ತಯಾರಕರ ವಾರಂಟಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ನಾಲ್ಕನೆಯದು ಬೂಟ್‌ಲೋಡರ್ ಅನ್‌ಲಾಕ್. ಟ್ಯಾಬ್ಲೆಟ್ ಆನ್ ಮಾಡಿದ ಕೂಡಲೇ ಓಡುವ ಈ ಪುಟ್ಟ ಪ್ರೋಗ್ರಾಂ, ತಾನು ಎಬ್ಬಿಸಲಿರುವ ಆಪರೇಟಿಂಗ್ ಸಿಸ್ಟಂ ಮೇಲೆ ತಯಾರಕರ ಡಿಜಿಟಲ್ ಸಹಿ ಇದೆಯೇ ಎಂದು ನೋಡುತ್ತದೆ. ಅನ್‌ಲಾಕ್ ಮಾಡುವುದೆಂದರೆ ಸಹಿ ಇಲ್ಲದ ಸಿಸ್ಟಂಗೂ ಒಳಗೆ ಬರಲು ಅನುಮತಿ ಕೊಡುವುದು. ಬೇರೆ ರಾಮ್ (ತಯಾರಕರದಲ್ಲದ ಆಪರೇಟಿಂಗ್ ಸಿಸ್ಟಂ) ಹಾಕಲು, ರೂಟ್ ಮಾಡಲು (ಸಿಸ್ಟಂ ಮೇಲೆ ಪೂರ್ತಿ ಅಧಿಕಾರ ಪಡೆಯಲು), ತಯಾರಕರು ಅಪ್‌ಡೇಟ್ ನಿಲ್ಲಿಸಿದ ಟ್ಯಾಬ್ಲೆಟ್‌ಗೆ ಹೊಸ ಆಂಡ್ರಾಯ್ಡ್ ತರಲು ಬೇಕಾಗುವುದು ಇದೇ. ಮುಂದಿನದೆಲ್ಲ ಇದರ ಬಗ್ಗೆ ಮಾತ್ರ. ಐಪ್ಯಾಡ್‌ನಲ್ಲಿ ಇಂಥ ಅಧಿಕೃತ ದಾರಿಯೇ ಇಲ್ಲ. ಜೈಲ್‌ಬ್ರೇಕ್ ಎಂಬುದು ಭದ್ರತಾ ಲೋಪವನ್ನು ಬಳಸುವ ಬೇರೆಯೇ ವಿಧಾನ, ಹಾಗೆ ಮಾರ್ಪಡಿಸಿದ ಸಾಧನಕ್ಕೆ ಸೇವೆ ನಿರಾಕರಿಸುವ ಹಕ್ಕು ತನಗಿದೆ ಎಂದು ಆ್ಯಪಲ್ ಹೇಳುತ್ತದೆ.

## ಹಂತ 1: ನಿಮ್ಮ ಮಾಡೆಲ್‌ಗೆ ದಾರಿ ಇದೆಯೇ ನೋಡಿ

ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಟ್ಯಾಬ್ಲೆಟ್’ ತೆರೆದು ಮಾಡೆಲ್ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಿ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬೇಡಿ. ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ ಎಂಬ ಒಂದೇ ಹೆಸರಿನಲ್ಲಿ ವೈಫೈ ಮಾತ್ರ ಇರುವ ಎಸ್‌ಎಂ-ಪಿ610, ಸಿಮ್ ಹಾಕಬಹುದಾದ ಎಸ್‌ಎಂ-ಪಿ615, 2022ರಲ್ಲಿ ಪ್ರೊಸೆಸರನ್ನೇ ಬದಲಿಸಿ ತಂದ ಎಸ್‌ಎಂ-ಪಿ613 ಹೀಗೆ ಹಲವು ಬಗೆಗಳಿವೆ. 610ರ ಪ್ರೊಸೆಸರ್ ಎಕ್ಸಿನೋಸ್, 613ರದು ಸ್ನ್ಯಾಪ್‌ಡ್ರ್ಯಾಗನ್. ಒಂದರ ಫೈಲನ್ನು ಇನ್ನೊಂದಕ್ಕೆ ಹಾಕಿದರೆ ಕೆಲಸ ಕೆಡುವುದು ಖಂಡಿತ.

ಇನ್ನು ಕಂಪನಿಗಳ ರೀತಿ ಒಂದೊಂದು. ಗೂಗಲ್‌ನ ಪಿಕ್ಸೆಲ್ ಟ್ಯಾಬ್ಲೆಟ್‌ನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಒಂದೇ ಆಜ್ಞೆಯಿಂದ ಕೆಲಸ ಮುಗಿಯುತ್ತದೆ. ಶಓಮಿಯ ಟ್ಯಾಬ್ಲೆಟ್‌ಗಳಲ್ಲಿ ಕಂಪನಿಯ ಖಾತೆಯನ್ನು ಸಾಧನಕ್ಕೆ ಜೋಡಿಸಿ, ಅವರದೇ ಅನ್‌ಲಾಕ್ ಸಾಫ್ಟ್‌ವೇರ್ ಬಳಸಿ, ಸಾಮಾನ್ಯವಾಗಿ ಹಲವು ದಿನ ಕಾಯಬೇಕಾಗುತ್ತದೆ. ಕಾಯಲಾರದೆ ಖಾತೆಯನ್ನು ತೆಗೆದು ಮತ್ತೆ ಜೋಡಿಸಿದವರ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಲೆನೊವೊದ ಕೆಲವು ಟ್ಯಾಬ್ಲೆಟ್‌ಗಳಿಗೆ ಸೀರಿಯಲ್ ನಂಬರ್ ಕೊಟ್ಟು ಆ ಒಂದು ಸಾಧನಕ್ಕಷ್ಟೇ ಹೊಂದುವ ಫೈಲನ್ನು ತರಿಸಿಕೊಳ್ಳಬೇಕು. ಸ್ಯಾಮ್‌ಸಂಗ್‌ನಲ್ಲಿ ಫಾಸ್ಟ್‌ಬೂಟ್ (ಕಂಪ್ಯೂಟರಿನಿಂದ ಬೂಟ್‌ಲೋಡರಿಗೆ ಆಜ್ಞೆ ಕೊಡುವ ವ್ಯವಸ್ಥೆ) ಇಲ್ಲ, ಅನ್‌ಲಾಕ್‌ಗೆ ಅವಕಾಶವಿರುವ ಮಾಡೆಲ್‌ಗಳಲ್ಲಿ ಅದು ಡೌನ್‌ಲೋಡ್ ಮೋಡ್ ಎಂಬ ಪರದೆಯಲ್ಲಿ ಬಟನ್‌ಗಳಿಂದಲೇ ನಡೆಯುತ್ತದೆ. ಅಮೆಜಾನ್ ಫೈರ್ ಟ್ಯಾಬ್ಲೆಟ್‌ಗಳಿಗೆ ಕಂಪನಿಯ ಕಡೆಯಿಂದ ದಾರಿ ಇಲ್ಲ. ಮೊಬೈಲ್ ಕಂಪನಿಗಳು ಕಂತಿನಲ್ಲಿ ಮಾರುವ ಟ್ಯಾಬ್ಲೆಟ್‌ಗಳಲ್ಲೂ ಈ ಬಾಗಿಲು ಶಾಶ್ವತವಾಗಿ ಮುಚ್ಚಿರುವುದುಂಟು.

ಎಚ್ಚರಿಕೆಯ ಗುರುತು: ಕಂಪನಿಯೇ ದಾರಿ ಕೊಡದ ಮಾಡೆಲ್‌ಗೆ ‘ಹಣ ಕಟ್ಟಿದರೆ ಕೋಡ್ ಕೊಡುತ್ತೇವೆ’ ಎನ್ನುವವರು, ಆಂಟಿವೈರಸ್ ಆಫ್ ಮಾಡಿ ತಮ್ಮ ಸಾಫ್ಟ್‌ವೇರ್ ಹಾಕಿಕೊಳ್ಳಿ ಎನ್ನುವವರು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಈ ಹಂತದಲ್ಲಿ ‘ಆಗುವುದಿಲ್ಲ’ ಎಂಬ ಉತ್ತರ ಬಂದರೆ ಒಂದು ಪೈಸೆಯೂ ನಷ್ಟವಾಗಿರುವುದಿಲ್ಲ.

## ಹಂತ 2: ವಾರಂಟಿಯ ಲೆಕ್ಕ ಹಾಕಿ

ವಾರಂಟಿ ಎಂದಾಗ ಜನ ಒಂದೇ ವಸ್ತುವನ್ನು ಕಲ್ಪಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಮೂರು ಬೇರೆ ಬೇರೆ ಭರವಸೆಗಳು ಒಂದೇ ಬಿಲ್ಲಿನ ಹಿಂದೆ ನಿಂತಿರುತ್ತವೆ, ಮತ್ತು ಅನ್‌ಲಾಕ್‌ನಿಂದ ಮೂರಕ್ಕೂ ಆಗುವ ಪರಿಣಾಮ ಬೇರೆ ಬೇರೆ.

ಮೊದಲನೆಯದು ತಯಾರಕರು ತಾವಾಗಿ ಕೊಡುವ ವಾರಂಟಿ. ಇದರ ಷರತ್ತುಗಳನ್ನು ಅವರೇ ಬರೆಯುತ್ತಾರೆ. ಕಾರ್ಡಿನಲ್ಲಿ ‘ವಾರಂಟಿಯ ವ್ಯಾಪ್ತಿಗೆ ಬರದವು’ ಎಂಬ ಭಾಗವನ್ನು ಹುಡುಕಿ, ಅಲ್ಲಿ ಅನಧಿಕೃತ ಮಾರ್ಪಾಡು, ಸಾಫ್ಟ್‌ವೇರ್ ಬದಲಾವಣೆ ಎಂಬ ಮಾತುಗಳು ಯಾವ ರೀತಿಯ ವಾಕ್ಯದಲ್ಲಿವೆ ಎಂದು ನಿಧಾನವಾಗಿ ಓದಿ. ‘ಮಾರ್ಪಾಡಿನಿಂದ ಉಂಟಾದ ದೋಷಗಳಿಗೆ ವಾರಂಟಿ ಅನ್ವಯಿಸುವುದಿಲ್ಲ’ ಎಂದಿದ್ದರೆ, ಸ್ಪೀಕರ್ ಕೆಟ್ಟಾಗ ನೀವು ವಾದಿಸಲು ಜಾಗವಿದೆ. ‘ಮಾರ್ಪಡಿಸಿದ ಸಾಧನಕ್ಕೆ ವಾರಂಟಿ ಅನ್ವಯಿಸುವುದಿಲ್ಲ’ ಎಂದಿದ್ದರೆ ಅಷ್ಟು ಜಾಗವಿಲ್ಲ. ಎರಡು ವಾಕ್ಯಗಳ ನಡುವೆ ಇರುವುದು ಒಂದೆರಡು ಪದಗಳ ವ್ಯತ್ಯಾಸ, ಆದರೆ ದುರಸ್ತಿಯ ಖರ್ಚು ಯಾರ ತಲೆಯ ಮೇಲೆ ಎಂಬುದನ್ನು ನಿರ್ಧರಿಸುವುದು ಆ ಒಂದೆರಡು ಪದಗಳೇ.

ಎರಡನೆಯದು ಕಾನೂನು ಕೊಡುವ ರಕ್ಷಣೆ. ಯುರೋಪಿಯನ್ ಒಕ್ಕೂಟದ 2019/771 ಸಂಖ್ಯೆಯ ನಿರ್ದೇಶನದ ಪ್ರಕಾರ, ಕೊಡುವಾಗಲೇ ಇದ್ದ ದೋಷಕ್ಕೆ ಕನಿಷ್ಠ 2 ವರ್ಷ ಹೊಣೆ ಹೊರಬೇಕಾದವರು ಮಾರಾಟಗಾರರು, ಮತ್ತು ಮೊದಲ 1 ವರ್ಷದಲ್ಲಿ ಕಂಡ ದೋಷ ಮೊದಲಿನಿಂದಲೇ ಇತ್ತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇದು ತಯಾರಕರ ಕಾರ್ಡಿಗೆ ಸಂಬಂಧಿಸಿದ್ದಲ್ಲ. ಕಾರ್ಡಿನ ವಾರಂಟಿ ಹೋದ ಮಾತ್ರಕ್ಕೆ ಈ ಹಕ್ಕು ತಾನಾಗಿ ಹೋಗುವುದಿಲ್ಲ. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ, ಇಂಥದೇ ಬ್ರ್ಯಾಂಡಿನ ಬಿಡಿಭಾಗ ಅಥವಾ ಸೇವೆ ಬಳಸಿದರಷ್ಟೇ ವಾರಂಟಿ ಎಂಬ ಷರತ್ತನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೂಟ್‌ಲೋಡರ್ ಎಂಬ ಪದ ಆ ಕಾಯ್ದೆಯಲ್ಲಿಲ್ಲ. ಆದರೂ ದೋಷಕ್ಕೂ ಮಾರ್ಪಾಡಿಗೂ ಸಂಬಂಧವಿದೆಯೇ ಎಂದು ಕೇಳಲು ಗ್ರಾಹಕರು ಅದನ್ನು ಆಧರಿಸುತ್ತಾರೆ. ಕಾನೂನು ನಿಮ್ಮ ಪರವಾಗಿದ್ದರೂ ಕೌಂಟರಿನ ಹಿಂದೆ ಕುಳಿತವರು ಅದನ್ನು ತಾವಾಗಿ ಅನ್ವಯಿಸುತ್ತಾರೆಂದು ಎಣಿಸಬೇಡಿ. ಹಕ್ಕು ಇರುವುದು ಬೇರೆ, ಅದನ್ನು ವಸೂಲು ಮಾಡಿಕೊಳ್ಳಲು ತಿಂಗಳುಗಟ್ಟಲೆ ಪತ್ರ ಬರೆಯುವುದು ಬೇರೆ.

ಮೂರನೆಯದು ಹೆಚ್ಚುವರಿ ಹಣ ಕೊಟ್ಟು ಕೊಂಡ ವಿಸ್ತರಿತ ವಾರಂಟಿ ಅಥವಾ ವಿಮೆ. ಇದು ಶುದ್ಧ ಕರಾರು. ಅದರ ಕಾಗದದಲ್ಲಿ ಬರೆದಿರುವುದೇ ಅಂತಿಮ. ಪರದೆ ಒಡೆದರೆ ಕೊಡುವ ವಿಮೆಯಲ್ಲೂ ‘ಮಾರ್ಪಡಿಸದ ಸಾಧನ’ ಎಂಬ ಷರತ್ತು ಅಡಗಿರಬಹುದು, ಓದಿ ನೋಡಿ.

ಈಗ ಕಂಪನಿಗೆ ಇದು ತಿಳಿಯುವುದು ಹೇಗೆ ಎಂಬ ಪ್ರಶ್ನೆ. ಅನ್‌ಲಾಕ್ ಆದ ಟ್ಯಾಬ್ಲೆಟ್ ಪ್ರತಿ ಸಲ ಆನ್ ಆಗುವಾಗ ಎಚ್ಚರಿಕೆಯ ಪರದೆ ತೋರಿಸುತ್ತದೆ. ಖಾತೆ, ಕೋಡ್ ಅಥವಾ ಫೈಲ್ ಕೇಳುವ ಕಂಪನಿಗಳಲ್ಲಿ ನಿಮ್ಮ ಸೀರಿಯಲ್ ನಂಬರ್ ಆಗಲೇ ಅವರ ಸರ್ವರಿಗೆ ತಲುಪಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ನಾಕ್ಸ್ ವಾರಂಟಿ ಬಿಟ್ ಎಂಬ ಒಂದು ಎಲೆಕ್ಟ್ರಾನಿಕ್ ಫ್ಯೂಸ್ ಇದೆ. ಸಹಿ ಇಲ್ಲದ ಸಿಸ್ಟಂ ಒಳಗೆ ಬಂದಾಗ ಅದು 0ಯಿಂದ 1ಕ್ಕೆ ಹೋಗುತ್ತದೆ. ಚಿಪ್ಪಿನೊಳಗೆ ಭೌತಿಕವಾಗಿ ಸುಟ್ಟ ಗುರುತು ಅದು, ಮೂಲ ಸಾಫ್ಟ್‌ವೇರ್ ಮರಳಿ ಹಾಕಿದರೂ, ಲಾಕ್ ಮಾಡಿದರೂ 0ಗೆ ಬರುವುದಿಲ್ಲ. ಅದರೊಂದಿಗೆ ಖಾಸಗಿ ಫೈಲ್‌ಗಳನ್ನು ಬೀಗ ಹಾಕಿಡುವ ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯಗಳೂ ಶಾಶ್ವತವಾಗಿ ನಿಲ್ಲುತ್ತವೆ. ‘ನಾಕ್ಸ್ ರೀಸೆಟ್ ಮಾಡಿಕೊಡುತ್ತೇವೆ’ ಎಂಬ ಸಾಫ್ಟ್‌ವೇರ್ ಕಂಡರೆ ಅದು ಸುಳ್ಳೆಂದು ತಿಳಿಯಿರಿ.

ಒಂದು ವಿಷಯವನ್ನು ಬರಹದಲ್ಲಿ ಕೇಳಿ: ‘ಈ ಮಾಡೆಲ್‌ನ ಬೂಟ್‌ಲೋಡರನ್ನು ನಿಮ್ಮ ಅಧಿಕೃತ ವಿಧಾನದಲ್ಲಿ ಅನ್‌ಲಾಕ್ ಮಾಡಿದರೆ, ಪರದೆ, ಬ್ಯಾಟರಿ, ಚಾರ್ಜಿಂಗ್ ಪೋರ್ಟ್‌ನಂಥ ಹಾರ್ಡ್‌ವೇರ್ ದೋಷಗಳಿಗೆ ವಾರಂಟಿ ಉಳಿಯುತ್ತದೆಯೇ?’ ಎಂದು ಕಂಪನಿಗೆ ಇಮೇಲ್ ಮಾಡಿ, ಉತ್ತರವನ್ನು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಉತ್ತರಕ್ಕೆ ಆರು ತಿಂಗಳ ನಂತರ ಯಾವ ಬೆಲೆಯೂ ಇರುವುದಿಲ್ಲ.

ನನ್ನ ಸ್ವಂತ ತೀರ್ಮಾನದ ಸೂತ್ರ ಸರಳ: ಟ್ಯಾಬ್ಲೆಟ್ ನಾಳೆಯೇ ಕೆಟ್ಟರೆ ಅದರ ಪೂರ್ತಿ ದುರಸ್ತಿಯ ಖರ್ಚನ್ನು ನಾನೇ ಭರಿಸಬಲ್ಲೆನೆಂದಾದರೆ ಮಾತ್ರ ಮುಂದುವರಿಯುತ್ತೇನೆ, ಇಲ್ಲವಾದರೆ ವಾರಂಟಿ ಅವಧಿ ಮುಗಿಯುವವರೆಗೆ ಕಾಯುತ್ತೇನೆ.

## ಹಂತ 3: ಅನ್‌ಲಾಕ್‌ಗೆ ಮುನ್ನ ಟ್ಯಾಬ್ಲೆಟ್‌ನ ದೋಷ ಹುಡುಕಿ

ಹೊಸ ಟ್ಯಾಬ್ಲೆಟ್ ತಂದ ದಿನವೇ ಅನ್‌ಲಾಕ್ ಮಾಡುವವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ. ತಯಾರಿಕೆಯ ದೋಷಗಳು ಬಹಳಷ್ಟು ಸಲ ಮೊದಲ ವಾರಗಳಲ್ಲೇ ಹೊರಬೀಳುತ್ತವೆ. ಹಿಂದಿರುಗಿಸುವ ಅವಧಿ ಮುಗಿಯುವವರೆಗೂ ಅದನ್ನು ಇದ್ದ ಹಾಗೆಯೇ ಬಳಸಿ ಪರೀಕ್ಷಿಸಿ.

ಕತ್ತಲೆ ಕೋಣೆಯಲ್ಲಿ ಪೂರ್ತಿ ಕಪ್ಪು ಚಿತ್ರ ತೆರೆದು ಅಂಚುಗಳಲ್ಲಿ ಬೆಳಕು ಸೋರುತ್ತಿದೆಯೇ ನೋಡಿ. ಆಮೇಲೆ ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳಲ್ಲಿ ಸತ್ತ ಚುಕ್ಕಿಗಳಿವೆಯೇ ನೋಡಿ. ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಬೆರಳನ್ನು ಒತ್ತೊತ್ತಾಗಿ ಗೆರೆ ಎಳೆಯುತ್ತ ಇಡೀ ಪರದೆ ತುಂಬಿಸಿ. ಯಾವುದೋ ಒಂದು ಪಟ್ಟಿಯಲ್ಲಿ ಗೆರೆ ಪ್ರತಿ ಸಲ ತುಂಡಾಗುತ್ತಿದ್ದರೆ ಟಚ್ ಪದರದಲ್ಲಿ ದೋಷವಿದೆ. ಎಲ್ಲ ಸ್ಪೀಕರ್, ಮೈಕ್, ಎರಡೂ ಕ್ಯಾಮೆರಾ, ಪರದೆ ತಿರುಗಿಸುವ ಸೆನ್ಸರ್, ದೂರದ ಕೋಣೆಯಿಂದ ವೈಫೈ, ಪೂರ್ತಿ ಒಂದು ಚಾರ್ಜ್, ಇಷ್ಟನ್ನೂ ನೋಡಿ. ಏನಾದರೂ ಕಂಡರೆ ಈಗಲೇ ಬದಲಿಸಿಕೊಳ್ಳಿ. ಅನ್‌ಲಾಕ್ ಆದ ಮೇಲೆ ಕಂಡ ದೋಷ ಮೊದಲೇ ಇತ್ತೆಂದು ಸಾಧಿಸುವುದು ಕಷ್ಟದ ಕೆಲಸ.

## ಹಂತ 4: ಒಳಗಿರುವುದೆಲ್ಲವನ್ನೂ ಹೊರತೆಗೆಯಿರಿ

ಅನ್‌ಲಾಕ್ ಮಾಡಿದ ಕ್ಷಣದಲ್ಲಿ ಒಳಗಿನ ಸ್ಟೋರೇಜ್ ಪೂರ್ತಿ ಅಳಿಸಿಹೋಗುತ್ತದೆ. ಇದನ್ನು ತಪ್ಪಿಸುವ ಆಯ್ಕೆಯಿಲ್ಲ, ಇರಲೂ ಬಾರದು. ಕದ್ದ ಟ್ಯಾಬ್ಲೆಟ್‌ನ ಬೂಟ್‌ಲೋಡರ್ ತೆರೆದವನಿಗೆ ಒಳಗಿನ ಮಾಹಿತಿ ಸಿಗಬಾರದೆಂದೇ ಹೀಗೆ ಮಾಡಿದ್ದಾರೆ. ಮಾಹಿತಿಯನ್ನು ಬೀಗ ಹಾಕಿಟ್ಟ ಕೀಲಿಗಳು ಬೂಟ್‌ಲೋಡರ್‌ನ ಸ್ಥಿತಿಗೆ ಹೆಣೆದುಕೊಂಡಿರುವುದರಿಂದ, ಸ್ಥಿತಿ ಬದಲಾದ ಮೇಲೆ ಅಳಿದುದನ್ನು ಮರಳಿ ತರುವ ಸಾಫ್ಟ್‌ವೇರ್‌ಗಳೂ ಕೈಚೆಲ್ಲುತ್ತವೆ.

ಫೋಟೊಗಳನ್ನು ಕಂಪ್ಯೂಟರಿಗೆ ನಕಲು ಮಾಡಿದರಷ್ಟೇ ಸಾಲದು. ಎರಡು ಹಂತದ ಲಾಗಿನ್‌ಗೆ ಕೋಡ್ ಕೊಡುವ ಆ್ಯಪ್, ಕೈಬರಹದ ಟಿಪ್ಪಣಿಗಳು, ಆಟಗಳ ಸೇವ್, ಆಫ್‌ಲೈನ್ ಇಟ್ಟ ಪುಸ್ತಕಗಳ ಮೇಲಿನ ಗುರುತುಗಳು ಇವು ಸಾಮಾನ್ಯವಾಗಿ ಮರೆತುಹೋಗುವಂಥವು. ಮೆಮೊರಿ ಕಾರ್ಡ್ ಇದ್ದರೆ ಹೊರಗೆ ತೆಗೆದಿಡಿ. ಗೂಗಲ್ ಖಾತೆಯ ಪಾಸ್‌ವರ್ಡ್ ನಿಜವಾಗಿ ನೆನಪಿದೆಯೇ ಎಂದು ಬೇರೆ ಸಾಧನದಲ್ಲಿ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಅಳಿಸಿದ ನಂತರ ಟ್ಯಾಬ್ಲೆಟ್ ಅದನ್ನೇ ಕೇಳಬಹುದು. ಮತ್ತು ಈಗಲೇ, ಟ್ಯಾಬ್ಲೆಟ್ ಇನ್ನೂ ಸರಿಯಾಗಿರುವಾಗಲೇ, ನಿಮ್ಮ ಮಾಡೆಲ್ ನಂಬರಿಗೂ ಬಿಲ್ಡ್ ನಂಬರಿಗೂ ಹೊಂದುವ ಮೂಲ ಸಾಫ್ಟ್‌ವೇರ್‌ನ ಪೂರ್ತಿ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬಿದ್ದ ಮೇಲೆ ಹಗ್ಗ ಹುಡುಕುವ ಪರಿಸ್ಥಿತಿ ಬೇಡ.

## ಹಂತ 5: ಸಲಕರಣೆಗಳು

ಕಂಪ್ಯೂಟರ್, ಗೂಗಲ್ ಉಚಿತವಾಗಿ ಕೊಡುವ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಎಂಬ ಫೋಲ್ಡರ್, ಮಾಹಿತಿ ಸಾಗಿಸಬಲ್ಲ ಯುಎಸ್‌ಬಿ ಕೇಬಲ್, ವಿಂಡೋಸ್ ಆದರೆ ಸಾಧನದ ಡ್ರೈವರ್. ಇಷ್ಟೇ. ಕಂಪ್ಯೂಟರಿನಿಂದ ಟ್ಯಾಬ್ಲೆಟ್‌ಗೆ ಆಜ್ಞೆ ಕಳಿಸುವ ಎಡಿಬಿ, ಫಾಸ್ಟ್‌ಬೂಟ್ ಎಂಬ ಪ್ರೋಗ್ರಾಂಗಳೆರಡೂ ಆ ಫೋಲ್ಡರ್‌ನಲ್ಲೇ ಇವೆ. ಎಲ್ಲಿಂದಲೋ ಸಿಕ್ಕ ಹಳೆಯ ಪ್ರತಿಯನ್ನು ಬಳಸಬೇಡಿ. ಹೊಸ ಟ್ಯಾಬ್ಲೆಟ್‌ಗಳ ಜೊತೆ ಅದು ಅರ್ಧದಲ್ಲಿ ಕೈಕೊಡುತ್ತದೆ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿರಲಿ.

ಕೇಬಲ್ ಬಗ್ಗೆ ಒಂದು ಮಾತು. ನೋಡಲು ಒಂದೇ ಥರ ಇರುವ ಕೇಬಲ್‌ಗಳಲ್ಲಿ ಕೆಲವು ಚಾರ್ಜ್ ಮಾತ್ರ ಮಾಡುತ್ತವೆ, ಮಾಹಿತಿಯ ತಂತಿಗಳೇ ಅವುಗಳಲ್ಲಿ ಇರುವುದಿಲ್ಲ. ನಾನೇ ಒಮ್ಮೆ ಡ್ರೈವರ್ ಹಾಕುವುದು, ತೆಗೆಯುವುದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡುವುದು ಎಂದು ಒಂದಿಡೀ ಸಂಜೆ ಕಳೆದು, ಕೊನೆಗೆ ಕೈಯಲ್ಲಿದ್ದುದು ಇಯರ್‌ಫೋನ್ ಡಬ್ಬಿಯ ಜೊತೆ ಬಂದಿದ್ದ ಗೇಣುದ್ದದ ಚಾರ್ಜಿಂಗ್ ಕೇಬಲ್ ಎಂದು ಕಂಡುಕೊಂಡೆ. ಟ್ಯಾಬ್ಲೆಟ್‌ನ ಫೈಲ್‌ಗಳು ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತವೆಯೇ ಎಂದು ಮೊದಲು ನೋಡಿ. ತೆರೆದರೆ ಕೇಬಲ್ ಸರಿಯಿದೆ. ಹಬ್ ಬಳಸದೆ ನೇರವಾಗಿ ಕಂಪ್ಯೂಟರಿನ ಪೋರ್ಟ್‌ಗೇ ಸಿಕ್ಕಿಸಿ.

## ಹಂತ 6: ಟ್ಯಾಬ್ಲೆಟ್‌ನಲ್ಲಿ ಅನುಮತಿ ಕೊಡಿ

‘ಅಬೌಟ್ ಟ್ಯಾಬ್ಲೆಟ್’ ಒಳಗಿರುವ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿ. ನೀವು ಈಗ ಡೆವಲಪರ್ ಎಂಬ ಸಂದೇಶ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹೊಸದಾಗಿ ಕಾಣುವ ‘ಡೆವಲಪರ್ ಆಪ್ಷನ್ಸ್’ ತೆರೆದು ‘ಒಇಎಂ ಅನ್‌ಲಾಕಿಂಗ್’ (ಬೂಟ್‌ಲೋಡರ್ ತೆರೆಯಲು ಅನುಮತಿ), ‘ಯುಎಸ್‌ಬಿ ಡಿಬಗ್ಗಿಂಗ್’ (ಕಂಪ್ಯೂಟರಿನಿಂದ ಆಜ್ಞೆ ಪಡೆಯಲು ಅನುಮತಿ) ಎಂಬ ಎರಡು ಸ್ವಿಚ್‌ಗಳನ್ನು ಆನ್ ಮಾಡಿ.

ಹೆಚ್ಚಿನವರು ನಿಲ್ಲುವುದು ಮೊದಲ ಸ್ವಿಚ್ಚಿನಲ್ಲಿ. ಅದು ಮಸುಕಾಗಿ, ಇಂಟರ್‌ನೆಟ್‌ಗೆ ಸೇರಿಸಿ ಅಥವಾ ಮೊಬೈಲ್ ಕಂಪನಿಯನ್ನು ಸಂಪರ್ಕಿಸಿ ಎಂಬ ಸಾಲು ಕೆಳಗೆ ಕಂಡರೆ, ವೈಫೈಗೆ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟು, ಟ್ಯಾಬ್ಲೆಟ್ ರೀಸ್ಟಾರ್ಟ್ ಮಾಡಿ ನೋಡಿ. ದಿನಾಂಕ, ಸಮಯ ತಾನಾಗಿ ಹೊಂದಿಕೊಳ್ಳುವ ಆಯ್ಕೆ ಆನ್ ಇರಲಿ. ಮೊಬೈಲ್ ಕಂಪನಿಯಿಂದ ಕೊಂಡ ಟ್ಯಾಬ್ಲೆಟ್‌ನಲ್ಲಿ ದಿನಗಟ್ಟಲೆ ಮಸುಕಾಗಿಯೇ ಉಳಿದರೆ, ಅಥವಾ ಆ ಸಾಲೇ ಇಲ್ಲದಿದ್ದರೆ, ಅದು ತೆರೆಯದ ಬಾಗಿಲು. ಕಚೇರಿ ಅಥವಾ ಶಾಲೆ ಕೊಟ್ಟು ದೂರದಿಂದ ನಿಯಂತ್ರಿಸುವ ಟ್ಯಾಬ್ಲೆಟ್‌ನಲ್ಲೂ ಹೀಗಾಗುತ್ತದೆ. ಅದು ನಿಮ್ಮ ಸ್ವತ್ತಲ್ಲದ ಕಾರಣ ಮುಟ್ಟದಿರುವುದೇ ಲೇಸು.

## ಹಂತ 7: ಸಂಪರ್ಕ ಪರೀಕ್ಷಿಸಿ

ಪ್ಲಾಟ್‌ಫಾರ್ಮ್ ಟೂಲ್ಸ್ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ‘ಎಡಿಬಿ ಡಿವೈಸಸ್’ ಎಂದು ಟೈಪ್ ಮಾಡಿ. ಸೀರಿಯಲ್ ನಂಬರಿನ ಪಕ್ಕ ‘ಡಿವೈಸ್’ ಎಂದು ಬಂದರೆ ಸರಿ. ‘ಅನ್‌ಆಥರೈಸ್ಡ್’ ಎಂದು ಬಂದರೆ ಟ್ಯಾಬ್ಲೆಟ್ ಪರದೆಯಲ್ಲಿ ಒಪ್ಪಿಗೆ ಕೇಳುವ ಪೆಟ್ಟಿಗೆ ಕಾಯುತ್ತಿದೆ, ಒಪ್ಪಿ. ಲಿನಕ್ಸ್‌ನಲ್ಲಿ ‘ನೋ ಪರ್ಮಿಷನ್ಸ್’ ಎಂದು ಬಂದರೆ ಸಾಧನವನ್ನು ಬಳಸಲು ಅನುಮತಿ ಕೊಡುವ ಯುಡೆವ್ ನಿಯಮ ಸೇರಿಸಬೇಕು.

ಫಾಸ್ಟ್‌ಬೂಟ್ ಇಲ್ಲದ ಸ್ಯಾಮ್‌ಸಂಗ್‌ಗೆ ಈ ಹಂತದ ಮುಂದಿನ ಆಜ್ಞೆಗಳು ಅನ್ವಯಿಸುವುದಿಲ್ಲ. ಉಳಿದವರು ಆಮೇಲೆ ‘ಎಡಿಬಿ ರೀಬೂಟ್ ಬೂಟ್‌ಲೋಡರ್’ ಎಂದು ಟೈಪ್ ಮಾಡಿ. ಟ್ಯಾಬ್ಲೆಟ್ ಬೂಟ್‌ಲೋಡರ್ ಪರದೆಗೆ ಹೋದ ಮೇಲೆ ‘ಫಾಸ್ಟ್‌ಬೂಟ್ ಡಿವೈಸಸ್’. ಇಲ್ಲಿ ಪಟ್ಟಿ ಖಾಲಿ ಬಂದರೆ ಅಥವಾ ಮುಂದಿನ ಆಜ್ಞೆ ‘ವೇಟಿಂಗ್ ಫಾರ್ ಎನಿ ಡಿವೈಸ್’ ಎಂದು ಕಾಯುತ್ತ ಕುಳಿತರೆ ಗಾಬರಿಯಾಗಬೇಡಿ. ವಿಂಡೋಸ್ ಈ ಪರದೆಯಲ್ಲಿರುವ ಟ್ಯಾಬ್ಲೆಟನ್ನು ಹೊಸದೇ ಸಾಧನವೆಂದು ಭಾವಿಸಿ ಬೇರೆ ಡ್ರೈವರ್ ಕೇಳುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಸಾಲನ್ನು ಹುಡುಕಿ, ಬೂಟ್‌ಲೋಡರ್ ಇಂಟರ್‌ಫೇಸ್‌ನ ಡ್ರೈವರನ್ನು ಕೈಯಾರೆ ಆರಿಸಿಕೊಡಿ. ಎಡಿಬಿಯಲ್ಲಿ ಕಂಡ ಟ್ಯಾಬ್ಲೆಟ್ ಫಾಸ್ಟ್‌ಬೂಟ್‌ನಲ್ಲಿ ಮಾಯವಾದ ಪ್ರಸಂಗಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಇನ್ನೊಂದು ಸಣ್ಣ ಪರೀಕ್ಷೆ: ‘ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಗೆಟ್_ಅನ್‌ಲಾಕ್_ಎಬಿಲಿಟಿ’. ಉತ್ತರ 1 ಆದರೆ ಅನುಮತಿ ಇದೆ. 0 ಆದರೆ ಹಂತ 6ರ ಸ್ವಿಚ್ ಆನ್ ಆಗಿಲ್ಲ. ಇಲ್ಲಿಯವರೆಗೆ ಏನೂ ಅಳಿದಿಲ್ಲ, ವಾರಂಟಿಗೂ ಏನೂ ಆಗಿಲ್ಲ. ಮನಸ್ಸು ಬದಲಿಸಲು ಕೊನೆಯ ತಾಣ ಇದೇ.

## ಹಂತ 8: ಅನ್‌ಲಾಕ್

ಆಜ್ಞೆ ಮೂರು ಪದಗಳದು: ‘ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್’. ಹಳೆಯ ಸಾಧನಗಳಲ್ಲಿ ನಡುವಿನ ಪದದ ಜಾಗಕ್ಕೆ ‘ಒಇಎಂ’ ಎಂದಿರುತ್ತದೆ. ಎಂಟರ್ ಒತ್ತಿದಾಗ ಕಂಪ್ಯೂಟರಿನಲ್ಲಿ ಏನೂ ಆಗದಂತೆ ಕಾಣುತ್ತದೆ, ಏಕೆಂದರೆ ಪ್ರಶ್ನೆ ಟ್ಯಾಬ್ಲೆಟ್ ಪರದೆಯ ಮೇಲೆ ಬಂದಿರುತ್ತದೆ. ಅಲ್ಲಿ ಮೊದಲೇ ಆಯ್ಕೆಯಾಗಿರುವುದು ಸಾಮಾನ್ಯವಾಗಿ ‘ಅನ್‌ಲಾಕ್ ಮಾಡಬೇಡ’ ಎಂಬ ಸಾಲು. ಅವಸರದಲ್ಲಿ ಪವರ್ ಬಟನ್ ಒತ್ತಿದವರು ಬೇಡವೆಂದು ಹೇಳಿ, ಆಮೇಲೆ ಅನ್‌ಲಾಕ್ ಏಕೆ ಆಗಲಿಲ್ಲವೆಂದು ತಲೆ ಕೆರೆದುಕೊಳ್ಳುತ್ತಾರೆ. ವಾಲ್ಯೂಮ್ ಬಟನ್‌ನಿಂದ ಆಯ್ಕೆಯನ್ನು ಬದಲಿಸಿ, ಸಾಲನ್ನು ಮತ್ತೊಮ್ಮೆ ಓದಿ, ಆಮೇಲೆ ಪವರ್ ಒತ್ತಿ.

ಸ್ಯಾಮ್‌ಸಂಗ್ ಆದರೆ, ಟ್ಯಾಬ್ಲೆಟನ್ನು ಪೂರ್ತಿ ಆಫ್ ಮಾಡಿ, ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿದುಕೊಂಡೇ ಕಂಪ್ಯೂಟರಿಗೆ ಸೇರಿಸಿದ ಕೇಬಲನ್ನು ಸಿಕ್ಕಿಸಿ. ಎಚ್ಚರಿಕೆಯ ಪರದೆಯಲ್ಲಿ ವಾಲ್ಯೂಮ್ ಹೆಚ್ಚಿಸುವ ಬಟನನ್ನು ದೀರ್ಘವಾಗಿ ಒತ್ತಿದರೆ ಅನ್‌ಲಾಕ್ ಕೇಳುತ್ತದೆ, ಒಪ್ಪಲು ಅದನ್ನೇ ಮತ್ತೆ ಒತ್ತಿ.

‘ಫ್ಲ್ಯಾಶಿಂಗ್ ಅನ್‌ಲಾಕ್ ಈಸ್ ನಾಟ್ ಅಲೌಡ್’ ಎಂದು ಬಂದರೆ ಹಂತ 6ಕ್ಕೆ ಹಿಂದಿರುಗಿ. ಬೇರೆ ಆಜ್ಞೆಗಳನ್ನು ಒಂದರ ಮೇಲೊಂದು ಪ್ರಯೋಗಿಸುತ್ತ ಕೂರಬೇಡಿ.

## ಹಂತ 9: ಮೊದಲ ಬೂಟ್ ಮತ್ತು ಆಮೇಲಿನ ಬದಲಾವಣೆಗಳು

ಮೊದಲ ಸಲ ಆನ್ ಆಗಲು ಹಲವು ನಿಮಿಷ ಹಿಡಿಯುತ್ತದೆ. ಕಂಪನಿಯ ಲೋಗೊ ನೋಡುತ್ತ ತಾಳ್ಮೆಯಿಂದಿರಿ. ಇಪ್ಪತ್ತು ನಿಮಿಷ ಕಳೆದರೂ ಮುಂದೆ ಹೋಗದಿದ್ದರೆ ರಿಕವರಿ ಎಂಬ ದುರಸ್ತಿ ಪರದೆಗೆ ಹೋಗಿ ಫ್ಯಾಕ್ಟರಿ ರೀಸೆಟ್ ಮಾಡಿ. ಸೆಟಪ್ ಮುಗಿಸಿ, ವೈಫೈಗೆ ಸೇರಿಸಿ, ಡೆವಲಪರ್ ಆಪ್ಷನ್ಸ್ ಮತ್ತೆ ತೆರೆದು, ಒಇಎಂ ಸ್ವಿಚ್ ಬಳಿ ಬೂಟ್‌ಲೋಡರ್ ಈಗಾಗಲೇ ಅನ್‌ಲಾಕ್ ಆಗಿದೆ ಎಂಬ ಸಾಲಿದೆಯೇ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಏನನ್ನಾದರೂ ಫ್ಲ್ಯಾಶ್ ಮಾಡುವ (ಟ್ಯಾಬ್ಲೆಟ್‌ಗೆ ಸಿಸ್ಟಂ ಫೈಲ್ ಬರೆಯುವ) ಮುನ್ನ ಈ ಪರೀಕ್ಷೆ ಕಡ್ಡಾಯ.

ಆನ್ ಆಗುವಾಗ ಕಾಣುವ ಪರದೆಗಳ ಬಣ್ಣವನ್ನು ಅರಿತಿರಬೇಕು. ಕಿತ್ತಳೆ ಸ್ಥಿತಿ ಎಂದರೆ ಬೂಟ್‌ಲೋಡರ್ ತೆರೆದಿದೆ. ಕೆಲವು ಸೆಕೆಂಡು ನಿಂತು ಹೋಗುತ್ತದೆ, ಇದು ಸಹಜ. ಹಳದಿ ಎಂದರೆ ತಯಾರಕರದಲ್ಲದ ಕೀಲಿಯಿಂದ ಸಹಿ ಮಾಡಿದ ಸಿಸ್ಟಂ, ಲಾಕ್ ಆದ ಬೂಟ್‌ಲೋಡರ್. ಕೆಂಪು ಎಂದರೆ ಸಿಸ್ಟಂ ಹಾಳಾಗಿದೆ ಅಥವಾ ಸಹಿ ಹೊಂದುತ್ತಿಲ್ಲ; ಅಲ್ಲಿಂದ ಟ್ಯಾಬ್ಲೆಟ್ ಮುಂದೆ ಹೋಗದಿರಬಹುದು.

ಇನ್ನು ಯಾರೂ ಮೊದಲೇ ಹೇಳದ ನಷ್ಟಗಳು. ಬ್ಯಾಂಕ್ ಮತ್ತು ಪಾವತಿಯ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ತಪಾಸಣೆಯ ಮೂಲಕ ಬೂಟ್‌ಲೋಡರ್ ಸ್ಥಿತಿಯನ್ನು ತಿಳಿದುಕೊಂಡು ಕೆಲಸ ಮಾಡಲು ನಿರಾಕರಿಸಬಹುದು. ಹಲವು ಮಾಡೆಲ್‌ಗಳಲ್ಲಿ ವಿಡಿಯೊ ನಕಲಾಗದಂತೆ ಕಾಯುವ ವೈಡ್‌ವೈನ್ ಎಂಬ ರಕ್ಷಣಾ ವ್ಯವಸ್ಥೆ ಎಲ್1 ಎಂಬ ಮೇಲಿನ ಮಟ್ಟದಿಂದ ಎಲ್3ಕ್ಕೆ ಇಳಿದು, ಸಿನಿಮಾ ಆ್ಯಪ್‌ಗಳು ಎಚ್‌ಡಿ ಕೊಡುವುದನ್ನು ನಿಲ್ಲಿಸುತ್ತವೆ. ಟ್ಯಾಬ್ಲೆಟನ್ನು ಮುಖ್ಯವಾಗಿ ಸಿನಿಮಾ ನೋಡಲು ಕೊಂಡವರಿಗೆ ಇದು ವಾರಂಟಿಗಿಂತ ದೊಡ್ಡ ಹೊಡೆತ. ಜೊತೆಗೆ, ತೆರೆದ ಬೂಟ್‌ಲೋಡರ್ ಇರುವ ಟ್ಯಾಬ್ಲೆಟ್ ಅಪರಿಚಿತರ ಕೈಗೆ ಸಿಕ್ಕರೆ ಅವರು ತಮಗೆ ಬೇಕಾದ ಸಿಸ್ಟಂ ಹಾಕಬಲ್ಲರು.

## ಮರಳಿ ಲಾಕ್ ಮಾಡುವುದು: ಇಲ್ಲೇ ಹೆಚ್ಚು ಟ್ಯಾಬ್ಲೆಟ್‌ಗಳು ಸಾಯುವುದು

‘ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಲಾಕ್’ ಎಂಬ ಆಜ್ಞೆ ಬಹಳ ಸಾಧುವಾಗಿ ಕಾಣುತ್ತದೆ. ಆದರೆ ಲಾಕ್ ಆದ ಕ್ಷಣದಿಂದ ಬೂಟ್‌ಲೋಡರ್ ಮತ್ತೆ ಸಹಿ ನೋಡಲು ತೊಡಗುತ್ತದೆ. ಒಳಗೆ ಬೇರೆ ರಿಕವರಿ, ರೂಟ್ ಮಾಡಿದ ಬೂಟ್ ಇಮೇಜ್ (ಸಿಸ್ಟಂ ಎಬ್ಬಿಸುವ ಫೈಲ್) ಅಥವಾ ಬೇರೆ ರಾಮ್‌ನ ಒಂದು ಚೂರು ಉಳಿದಿದ್ದರೂ ಕೆಂಪು ಪರದೆ ಬರುತ್ತದೆ. ಆಗ ಸರಿಪಡಿಸೋಣವೆಂದರೆ ಲಾಕ್ ಆದ ಬೂಟ್‌ಲೋಡರ್ ಫ್ಲ್ಯಾಶ್ ಮಾಡಲು ಬಿಡುವುದಿಲ್ಲ. ಅನ್‌ಲಾಕ್ ಮಾಡೋಣವೆಂದರೆ ಒಇಎಂ ಸ್ವಿಚ್ ಆಫ್ ಆಗಿದೆ. ಸ್ವಿಚ್ ಆನ್ ಮಾಡೋಣವೆಂದರೆ ಸಿಸ್ಟಂ ತೆರೆಯುವುದಿಲ್ಲ. ಎಲ್ಲ ಬಾಗಿಲುಗಳ ಕೀಲಿಯನ್ನೂ ಮನೆಯೊಳಗೇ ಬಿಟ್ಟು ಹೊರಗೆ ನಿಂತಂತೆ.

ಮರಳಿ ಲಾಕ್ ಮಾಡಲೇಬೇಕಿದ್ದರೆ ಕ್ರಮ ಹೀಗಿರಲಿ. ಮತ್ತೊಮ್ಮೆ ಮಾಹಿತಿಯನ್ನು ಹೊರತೆಗೆಯಿರಿ, ಲಾಕ್ ಮಾಡುವಾಗಲೂ ಎಲ್ಲವೂ ಅಳಿಯುತ್ತದೆ. ನಿಮ್ಮ ಮಾಡೆಲ್‌ನದೇ ಮೂಲ ಸಾಫ್ಟ್‌ವೇರನ್ನು ಎಲ್ಲ ಪಾರ್ಟಿಷನ್‌ಗಳಿಗೂ (ಸ್ಟೋರೇಜ್‌ನ ಭಾಗಗಳಿಗೂ) ಪೂರ್ತಿಯಾಗಿ ಫ್ಲ್ಯಾಶ್ ಮಾಡಿ; ಸಿಸ್ಟಂನ ಎರಡು ಪ್ರತಿಗಳಿಗಾಗಿ ಎರಡು ಸ್ಲಾಟ್ ಇರುವ ಟ್ಯಾಬ್ಲೆಟ್‌ನಲ್ಲಿ ಎರಡಕ್ಕೂ. ಈಗಿರುವುದಕ್ಕಿಂತ ಹಳೆಯ ಆವೃತ್ತಿ ಬೇಡ, ಹಳೆಯದಕ್ಕೆ ಹಿಂದಿರುಗುವುದನ್ನು ತಡೆಯುವ ವ್ಯವಸ್ಥೆ ಅದನ್ನು ಒಪ್ಪದಿರಬಹುದು. ಲಾಕ್ ಮಾಡುವ ಮೊದಲೇ ಒಮ್ಮೆ ಆನ್ ಮಾಡಿ ಎಲ್ಲ ಸರಿಯಿದೆಯೇ ನೋಡಿ. ಒಇಎಂ ಸ್ವಿಚ್ ಆನ್ ಇರುವಂತೆಯೇ ಲಾಕ್ ಆಜ್ಞೆ ಕೊಡಿ. ಲಾಕ್ ಆದ ಟ್ಯಾಬ್ಲೆಟ್ ಎಚ್ಚರಿಕೆಯಿಲ್ಲದೆ ಆನ್ ಆಗಿ ಹಲವು ದಿನ ಸರಿಯಾಗಿ ನಡೆದ ಮೇಲೆ ಬೇಕಿದ್ದರೆ ಸ್ವಿಚ್ ಆಫ್ ಮಾಡಿ. ನಾನು ಹಳೆಯ ಟ್ಯಾಬ್ಲೆಟ್ ಒಂದನ್ನು ಕಳೆದುಕೊಂಡದ್ದು ಈ ಕೊನೆಯ ವಾಕ್ಯವನ್ನು ಪಾಲಿಸದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೆ ಎಚ್ಚರಿಕೆಯ ಪರದೆ ಹೋಗುತ್ತದೆ, ಬ್ಯಾಂಕ್ ಆ್ಯಪ್‌ಗಳು ಸಾಮಾನ್ಯವಾಗಿ ಮರಳುತ್ತವೆ. ಆದರೆ ಸುಟ್ಟ ಫ್ಯೂಸ್, ಕಂಪನಿಯ ಸರ್ವರಿನಲ್ಲಿ ದಾಖಲಾದ ಸೀರಿಯಲ್ ನಂಬರ್ ಇದ್ದಲ್ಲೇ ಇರುತ್ತವೆ.

## ಅನ್‌ಲಾಕ್ ಆದ ಟ್ಯಾಬ್ಲೆಟ್ ಕೆಟ್ಟರೆ

ದೋಷ ಸಾಫ್ಟ್‌ವೇರಿನದೋ ಹಾರ್ಡ್‌ವೇರಿನದೋ ಮೊದಲು ನೀವೇ ಪ್ರತ್ಯೇಕಿಸಿ. ಮೂಲ ಸಾಫ್ಟ್‌ವೇರ್ ಹಾಕಿದ ಮೇಲೂ ದೋಷ ಹಾಗೆಯೇ ಇದ್ದು, ಅದು ಚಾರ್ಜಿಂಗ್ ಪೋರ್ಟ್, ಸ್ಪೀಕರ್ ಅಥವಾ ಸತ್ತ ಚುಕ್ಕಿಯಂಥದಾಗಿದ್ದರೆ ನಿಮ್ಮ ವಾದಕ್ಕೆ ಬಲವಿದೆ. ಅತಿಯಾದ ಬಿಸಿ, ಬ್ಯಾಟರಿ, ಸ್ಟೋರೇಜ್ ಇವುಗಳ ದೋಷವಾದರೆ, ಅದರಲ್ಲೂ ಪ್ರೊಸೆಸರ್ ವೇಗ ಅಥವಾ ಚಾರ್ಜಿಂಗ್ ಮಿತಿ ಬದಲಿಸುವ ಕರ್ನಲ್ (ಸಿಸ್ಟಂನ ತಿರುಳು) ಬಳಸಿದ್ದರೆ, ಕಂಪನಿ ಬೆರಳು ತೋರಿಸುವುದು ನಿಮ್ಮ ಕಡೆಗೇ, ಅದು ಅನ್ಯಾಯವೂ ಅಲ್ಲ.

ಸರ್ವಿಸ್ ಸೆಂಟರಿಗೆ ಕೊಡುವಾಗ ಮೂಲ ಸಾಫ್ಟ್‌ವೇರ್‌ನಲ್ಲೇ ಕೊಡಿ, ಆದರೆ ಅನ್‌ಲಾಕ್ ಮಾಡಿದ್ದನ್ನು ಮುಚ್ಚಿಡಬೇಡಿ. ಸುಳ್ಳು ಹೊರಬಿದ್ದರೆ ನ್ಯಾಯವಾದ ಬೇಡಿಕೆಯೂ ಬಿದ್ದುಹೋಗುತ್ತದೆ. ದೋಷವನ್ನು ತೋರಿಸುವ ಒಂದು ಸಣ್ಣ ವಿಡಿಯೊ, ಬಿಲ್ಲು, ಹಂತ 2ರಲ್ಲಿ ಪಡೆದ ಇಮೇಲ್ ಉತ್ತರ ಜೊತೆಗಿರಲಿ. ನಿರಾಕರಿಸಿದರೆ, ಅನ್‌ಲಾಕ್ ಈ ನಿರ್ದಿಷ್ಟ ದೋಷವನ್ನು ಹೇಗೆ ಉಂಟುಮಾಡಿತು ಎಂಬುದನ್ನು ಜಾಬ್ ಶೀಟ್ (ಸರ್ವಿಸ್ ಸೆಂಟರಿನ ದುರಸ್ತಿ ಚೀಟಿ) ಮೇಲೆ ಬರೆದುಕೊಡಲು ಕೇಳಿ. ಬರೆದುಕೊಟ್ಟ ಕಾರಣದ ಪ್ರತಿಯೊಂದಿಗೆ ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿ ಬಗೆಹರಿಯದಿದ್ದರೆ ಮಾರಾಟಗಾರರಿಗೆ, ಕೊನೆಗೆ ನಿಮ್ಮ ದೇಶದ ಗ್ರಾಹಕ ರಕ್ಷಣಾ ವ್ಯವಸ್ಥೆಗೆ ಹೋಗಬಹುದು.